ಶಿಬಿರದ ಚೀಟಿ ತೀರ್ಪಲ್ಲ

ಶುಗರ್ ತಪಾಸಣಾ ಶಿಬಿರದ ಶಾಮಿಯಾನದ ಕೆಳಗೆ ಬೆರಳು ಚುಚ್ಚಿಸಿಕೊಂಡು, ‘148’ ಎಂದು ಬರೆದ ಚೀಟಿ ಹಿಡಿದು ಬಂದ ನಮ್ಮ ಬೀದಿಯ ಅಜ್ಜಿಯೊಬ್ಬರು ಅಂದಿನಿಂದಲೇ ಅನ್ನ ಬಿಟ್ಟರು. ತಿಂಡಿ ತಿಂದು ಎಷ್ಟು ಹೊತ್ತಾಯಿತೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಅದೇ ಸಾಲಿನಲ್ಲಿದ್ದ ಆಟೋ ಚಾಲಕರೊಬ್ಬರು ಬರಿ ಹೊಟ್ಟೆಯಲ್ಲಿ ಬಂದಿದ್ದರು, ಅವರಿಗೆ ‘118’. “ನಂಗೇನಿಲ್ಲ ಬಿಡಿ” ಎಂದು ಚೀಟಿ ಮಡಚಿ ಜೇಬಿಗಿಟ್ಟರು. ಊಟವಾದ ಮೇಲೆ 148 ಇದ್ದರೆ ಅಷ್ಟರಿಂದಲೇ ಮಧುಮೇಹ ಎನ್ನಲಾಗದು. ಬರಿ ಹೊಟ್ಟೆಯಲ್ಲಿ 118 ಎಂದರೆ ಮಧುಮೇಹದ ಹೊಸ್ತಿಲು. ನನಗೆ ಅಜ್ಜಿಗಿಂತ ಆಟೋದವರ ಚಿಂತೆಯೇ ಹೆಚ್ಚು.

ಬರಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ ಎಂಬ ಗೆರೆ ಲ್ಯಾಬಿನಲ್ಲಿ ರಕ್ತನಾಳದಿಂದ ತೆಗೆದ ರಕ್ತಕ್ಕೆ ಹಾಕಿದ್ದು. 1997ಕ್ಕೆ ಮೊದಲು ಆ ಗೆರೆ 140ರಲ್ಲಿತ್ತು. ಬೆರಳು ಚುಚ್ಚುವ ಗ್ಲುಕೋಮೀಟರಿಗೆ ಅಂತರರಾಷ್ಟ್ರೀಯ ಮಾನದಂಡವೇ ನೂರರ ಮೇಲೆ ಶೇ 15ರಷ್ಟು ಆಚೀಚೆಗೆ ಅವಕಾಶ ಕೊಟ್ಟಿದೆ. ಅಂದರೆ ಲ್ಯಾಬಿನ 126 ಇಲ್ಲಿ 107 ಆಗಿಯೂ ಕಾಣಬಹುದು, 145 ಆಗಿಯೂ ಕಾಣಬಹುದು. ಹಲಸಿನ ತೊಳೆ ಬಿಡಿಸಿದ ಕೈ ತೊಳೆಯದೆ ಬೆರಳು ಕೊಟ್ಟರಂತೂ ಮೀಟರು ಅಳೆಯುವುದು ಹಣ್ಣಿನ ಸಕ್ಕರೆಯನ್ನೂ ಸೇರಿಸಿಯೇ.

ಸೂಜಿಯಿಲ್ಲದ ತಪಾಸಣೆಯೂ ಒಂದಿದೆ. ವಯಸ್ಸು, ಸೊಂಟದ ಸುತ್ತಳತೆ, ದೇಹಶ್ರಮ, ಅಪ್ಪ-ಅಮ್ಮನಿಗೆ ಶುಗರ್ ಇತ್ತೇ ಎಂಬ ನಾಲ್ಕು ಪ್ರಶ್ನೆಗಳಿಗೆ ಅಂಕ ಕೊಡುವ ಈ ಪದ್ಧತಿಯನ್ನು ಚೆನ್ನೈನ ಡಾ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. 60 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆ ಅಪಾಯ ಹೆಚ್ಚು. ಅವರ ಅಧ್ಯಯನದಲ್ಲಿ ಇದು ರೋಗವಿದ್ದವರಲ್ಲಿ ಶೇ 72.5ರಷ್ಟು ಜನರನ್ನು ಹಿಡಿಯಿತು, ರೋಗವಿಲ್ಲದವರಲ್ಲಿ ಶೇ 60.1ರಷ್ಟು ಜನರನ್ನು ಸರಿಯಾಗಿ ಬಿಟ್ಟಿತು. ಈಗ ಒಂದು ಊರಿನ ಸಾವಿರ ಮಂದಿಯಲ್ಲಿ ನೂರು ಜನರಿಗೆ ಗೊತ್ತಿಲ್ಲದ ಮಧುಮೇಹವಿದೆ ಎನ್ನೋಣ. ಸುಮಾರು 72 ಜನ ಸಿಕ್ಕುತ್ತಾರೆ, 28 ಜನ ತಪ್ಪಿಸಿಕೊಳ್ಳುತ್ತಾರೆ. ರೋಗವಿಲ್ಲದ 900ರಲ್ಲಿ ಸುಮಾರು 360 ಜನ ಸುಮ್ಮನೆ ಹೆದರುತ್ತಾರೆ. ಹಾಗೆಂದು ಪದ್ಧತಿ ಕೆಟ್ಟದ್ದೇನಲ್ಲ; ಟೇಪು, ಕಾಗದ ಇದ್ದರೆ ಸಾಕು, ಕಾಸು ಖರ್ಚಿಲ್ಲ. ಆದರೆ ಅದು ಜರಡಿ ಮಾತ್ರ. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ, ಕೆಳಗಿಳಿದದ್ದೆಲ್ಲ ಹಿಟ್ಟೂ ಅಲ್ಲ.

‘ಮೂರು ತಿಂಗಳ ಸರಾಸರಿ’ ಎಂದು ನಾವು ಕರೆಯುವ ಎಚ್‌ಬಿಎ1ಸಿ ಮೇಲೆ ಜನಕ್ಕೆ ಕುರುಡು ನಂಬಿಕೆ. ಅದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ, ಕಣವೇ ಸರಿಯಿಲ್ಲದಿದ್ದರೆ ಲೆಕ್ಕವೂ ಸರಿಯಿರುವುದಿಲ್ಲ. ಕಬ್ಬಿಣಾಂಶ ಕಡಿಮೆಯಾದರೆ ಅಂಕಿ ಸುಳ್ಳಾಗಿ ಏರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ. ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ಕಣಗಳು ಬೇಗ ಸಾಯುವುದರಿಂದ ಅಂಕಿ ಸುಳ್ಳಾಗಿ ಇಳಿಯುತ್ತದೆ. ಈ ಕಾಯಿಲೆ ಕಂಡುಬರುವ ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಶಿಬಿರ ಮಾಡುವವರು ಇದನ್ನು ಮರೆಯಬಾರದು.

ಇಷ್ಟೆಲ್ಲ ಹೇಳಿದ್ದು ಶಿಬಿರಗಳೇ ಬೇಡವೆಂದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳನ್ನೂ ಹೊಸ್ತಿಲಲ್ಲಿರುವ 13.6 ಕೋಟಿ ಜನರನ್ನೂ ಅಂದಾಜಿಸಿತು. ಆದ್ದರಿಂದ ಶಿಬಿರಗಳು ಬೇಕು, ಇನ್ನೂ ಹೆಚ್ಚು ಬೇಕು.

ಓದುಗರೇ, ಚೀಟಿಯಲ್ಲಿ ಅಂಕಿ ಏರಿದ್ದರೆ ಅನ್ನ ಬಿಡಬೇಡಿ, ಯಾರೋ ಹೇಳಿದ ಕಷಾಯವನ್ನೂ ಶುರುಮಾಡಬೇಡಿ. ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರಿಗೆ ತೋರಿಸಿ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಒಂದು ದಿನವೂ ಕಾಯಬೇಡಿ. ಅಂಕಿ ಇಳಿದಿದ್ದರೂ ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ದರೆ ಲ್ಯಾಬಿಗೆ ಹೋಗಿ. ಎಚ್‌ಬಿಎ1ಸಿ ಮಾಡಿಸುವಾಗ ಹಿಮೋಗ್ಲೋಬಿನ್ ಕೂಡ ನೋಡಿಸಿ.

ಶಿಬಿರ ನಡೆಸುವ ಸಂಘ-ಸಂಸ್ಥೆಗಳವರಲ್ಲಿ ಒಂದೇ ಕೋರಿಕೆ. ಬ್ಯಾನರಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಚೀಟಿಯಲ್ಲಿ ಎರಡು ಸಾಲು ಸೇರಿಸಿ: ‘ಕೊನೆಯ ಊಟವಾಗಿ ಎಷ್ಟು ಗಂಟೆ?’ ಮತ್ತು ‘ಇದು ತಪಾಸಣೆ ಮಾತ್ರ, ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಿ’. ಬರುವ ನವೆಂಬರ್ 14ರ ವಿಶ್ವ ಮಧುಮೇಹ ದಿನದೊಳಗೆ ಅದನ್ನು ಅಚ್ಚು ಹಾಕಿಸಿ.