ಫೋನು ಮನೆಯಲ್ಲಿದೆ, ತಾಯಿಯ ಕೈಯಲ್ಲಿದೆಯೇ?

ನಮ್ಮ ಮನೆಗಳಲ್ಲಿ ಹೆರಿಗೆಯ ಸುದ್ದಿ ಈಗ ಮೊದಲು ಮುಟ್ಟುವುದು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ. ಐದೇ ನಿಮಿಷದಲ್ಲಿ ಮಗುವಿನ ಫೋಟೊ ದುಬೈಗೂ ಹೋಗುತ್ತದೆ, ದಮ್ಮಾಮಿಗೂ ಹೋಗುತ್ತದೆ. ತೂಕ ಎಷ್ಟು, ಯಾರ ಹಾಗೆ ಇದೆ, ಹೆಸರು ಏನಿಡುತ್ತೀರಿ ಎಂದು ನೂರು ಪ್ರಶ್ನೆ ಬರುತ್ತದೆ. ತಾಯಿಯ ಬಗ್ಗೆ ಬರುವುದು ಒಂದೇ ಪ್ರಶ್ನೆ. ಅದಕ್ಕೆ ಉತ್ತರವೂ ಒಂದೇ: "ಹುಷಾರಿದ್ದಾಳೆ, ಅಲ್‌ಹಮ್ದುಲಿಲ್ಲಾಹ್." ಆ ಉತ್ತರ ಕೊಡುವುದೂ ಹೆಚ್ಚಿನ ಸಲ ಬೇರೆಯವರೇ, ತಾಯಿಯಲ್ಲ.

ಹೆತ್ತವಳ ಮೈ ನೋಡಿಕೊಳ್ಳುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಎಣ್ಣೆ ಸ್ನಾನ, ಕಷಾಯ, ಮೆಂತೆ ಗಂಜಿ, ನಲ್ವತ್ತು ದಿನದ ಆರೈಕೆ ಎಲ್ಲವೂ ಇದೆ. ಆದರೆ ಅವಳ ಮನಸ್ಸಿನ ಬಾಣಂತನ ಮಾಡುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರ ಪೈಕಿ ಶೇ. 15.6, ಹೆರಿಗೆಯಾದವರ ಪೈಕಿ ಶೇ. 19.8 ಮಂದಿಗೆ ಮಾನಸಿಕ ತೊಂದರೆ, ಅದರಲ್ಲೂ ಖಿನ್ನತೆ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲೇ ನಡೆದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಒಂದು ವರದಿ, ಹೆರಿಗೆಯ ನಂತರದ ಖಿನ್ನತೆಯ ಪ್ರಮಾಣವನ್ನು ಶೇ. 22 ಎಂದು ಅಂದಾಜಿಸಿತು. ಅಂದರೆ ಹೆಚ್ಚುಕಮ್ಮಿ ಐವರಲ್ಲಿ ಒಬ್ಬಳು. ನಮ್ಮ ಪೈಕಿ ಒಬ್ಬಳೂ ಇಲ್ಲ ಎಂದು ಯಾವ ಮನೆಯವರಾದರೂ ಧೈರ್ಯವಾಗಿ ಹೇಳಬಲ್ಲರೇ?

ಇದು ಬರೀ ಬೇಸರದ ವಿಷಯವೂ ಅಲ್ಲ. ಜೀವದ ವಿಷಯ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದರು. ನೆರೆಯ ಕೇರಳದಲ್ಲಿ 19. ರಕ್ತಸ್ರಾವ, ಬಿಪಿ, ನಂಜು ಇವುಗಳಿಂದ ಆಗುವ ಸಾವುಗಳನ್ನು ಕೇರಳ ಬಹಳ ಮಟ್ಟಿಗೆ ತಡೆದಿದೆ. ಅಲ್ಲಿ ಪ್ರತಿಯೊಂದು ತಾಯಿಮರಣವನ್ನೂ ಹೆಸರು ಬಯಲು ಮಾಡದೆ ವೈದ್ಯರೇ ಕೂತು ಪರಿಶೀಲಿಸುವ ಕ್ರಮವಿದೆ. ಹಾಗೆ ನೋಡಿದಾಗ ಅವರಿಗೆ ಕಂಡದ್ದು ಏನೆಂದರೆ, ಉಳಿದ ಸಾವುಗಳಿಗೆ ಇರುವ ಪ್ರಮುಖ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು. ರಕ್ತ ನಿಲ್ಲಿಸಲು ಆಸ್ಪತ್ರೆ ಕಲಿತಿತು. ಕಣ್ಣೀರನ್ನು ಗಮನಿಸಲು ಇನ್ನೂ ಕಲಿಯಬೇಕಾಗಿದೆ.

ವ್ಯಾಪಾರಕ್ಕೆಂದು ಘಟ್ಟ ಹತ್ತಿ ನೆಲೆಸಿದ ನಮ್ಮವರ ಮನೆಗಳನ್ನು ಇಲ್ಲಿ ವಿಶೇಷವಾಗಿ ನೆನಪಿಸಿಕೊಳ್ಳಬೇಕು. ಮದ್ದೂರನ್ನೇ ತೆಗೆದುಕೊಳ್ಳಿ. ವಡೆಗೆ, ಎಳನೀರು ಮಾರುಕಟ್ಟೆಗೆ ಹೆಸರಾದ ಊರು. ಬೆಂಗಳೂರು–ಮೈಸೂರು ರಸ್ತೆಯ ಮೇಲಿದ್ದು ನಾಲ್ಕು ಕಾಸು ನೋಡಿದ ಊರು. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಪೇಟೆಯ ಹೋಟೆಲು, ಅಂಗಡಿಗಳವರಿಗೆ ಹಿಂದಿನ ಗಿರಾಕಿ ಇಲ್ಲ. ಇಂಥ ಊರಲ್ಲಿ ಅಂಗಡಿ ಇಟ್ಟವನ ಮನೆಗೆ ಕರಾವಳಿಯಿಂದ ಮದುವೆಯಾಗಿ ಬಂದ ಹುಡುಗಿಯನ್ನು ಊಹಿಸಿಕೊಳ್ಳಿ. ಹೆರಿಗೆ ತವರಲ್ಲಿ ಆಯಿತು. ನಲ್ವತ್ತು ಕಳೆಯಿತು. ಗಂಡ ಬಂದು ಕರಕೊಂಡು ಹೋದ. ಮದ್ದೂರಿಗೂ ತವರಿಗೂ ನಡುವೆ ಸುಮಾರು ಮುನ್ನೂರು ಕಿಲೋಮೀಟರು. ಅಕ್ಕಪಕ್ಕದಲ್ಲಿ ಬ್ಯಾರಿ ಮಾತಾಡುವವರಿಲ್ಲ. ಗಂಡ ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ಮತ್ತೆ ಮನೆ ಕಾಣುವುದು ರಾತ್ರಿಯೇ. ರಾತ್ರಿಯಿಡೀ ಮಗು ಅಳುತ್ತದೆ, ಇವಳೂ ಅಳುತ್ತಾಳೆ. ಉಮ್ಮ ವಿಡಿಯೊ ಕಾಲ್ ಮಾಡಿದರೆ ಫೋನು ಮಗುವಿನ ಮುಖದ ಎದುರು ಹಿಡಿಯಬೇಕು. ಇವಳ ಮುಖ ಅದರಲ್ಲಿ ಬರುವುದೇ ಇಲ್ಲ.

ನಲ್ವತ್ತು ದಿನಕ್ಕೆ ನಮ್ಮ ಆರೈಕೆ ಮುಗಿಯುತ್ತದೆ. ಖಿನ್ನತೆಗೆ ಆ ಲೆಕ್ಕ ಗೊತ್ತಿಲ್ಲ. ಹೆರಿಗೆಯ ನಂತರದ ಒಂದು ವರ್ಷದಲ್ಲಿ ಅದು ಯಾವಾಗ ಬೇಕಾದರೂ ಬರಬಹುದು. ಆರೈಕೆ ಕೈಬಿಟ್ಟ ಸಮಯದಲ್ಲೇ ಬಂದರೆ ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ಫೋನು ಕೆಲಸಕ್ಕೆ ಬರಬೇಕಾದ್ದು ಇಲ್ಲಿಯೇ.

ಕೆಲಸಕ್ಕೆ ಬರುವ ಸೌಲಭ್ಯಗಳು ಇಲ್ಲದೆಯೂ ಇಲ್ಲ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಟೆಲಿ ಮಾನಸ್ ಸಹಾಯವಾಣಿ ಶುರು ಮಾಡಿತು. ನಂಬರು 14416. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಇಡೀ ದೇಶದ ಈ ವ್ಯವಸ್ಥೆಗೆ ಮೇಲುಸ್ತುವಾರಿ ನಮ್ಮದೇ ರಾಜ್ಯದ ನಿಮ್ಹಾನ್ಸ್‌ನದು. ಸಾಮಾನ್ಯ ಕಾಯಿಲೆಗೆ ಮನೆಯಿಂದಲೇ ಡಾಕ್ಟರನ್ನು ನೋಡಲು ಇ-ಸಂಜೀವನಿ ಇದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ನಿಮ್ಹಾನ್ಸ್‌ನಲ್ಲಿ ಗರ್ಭಿಣಿ–ಬಾಣಂತಿಯರ ಮನಸ್ಸಿನ ಕಾಯಿಲೆಗೆಂದೇ ಬೇರೆ ವಿಭಾಗ ಇದೆ. ತಾಯಿ ಮತ್ತು ಮಗು ಒಟ್ಟಿಗೆ ದಾಖಲಾಗುವ ವಾರ್ಡು ಅಲ್ಲಿ 2009ರಿಂದ ಇದೆ. ಮದ್ದೂರಿಂದ ಬೆಂಗಳೂರಿಗೆ ಎಂಬತ್ತು ಕಿಲೋಮೀಟರು ಚಿಲ್ಲರೆ. ತವರಿಗಿಂತ ನಿಮ್ಹಾನ್ಸೇ ಹತ್ತಿರ!

ಊರಲ್ಲಿ ಹೊರಗೆ ಕಾಲಿಡಲು ಆಗದ ದಿನಗಳೂ ಬರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಾಟೆಯಾಗಿ ಮದ್ದೂರಿನಲ್ಲಿ ನಿಷೇಧಾಜ್ಞೆ ಹಾಕಿದ್ದನ್ನು ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಯಾವ ಧರ್ಮದವಳೇ ಆಗಲಿ, ಏಳು ತಿಂಗಳ ಗರ್ಭಿಣಿಯ ಎದೆಬಡಿತ ಹೇಗಿರುತ್ತದೆ? ಬಾಗಿಲು ಹಾಕಿದ ಮನೆಯೊಳಗೂ ತಲುಪುವ ಒಂದು ದನಿ ಇದ್ದರೆ ಅದು ಸಣ್ಣ ಉಪಕಾರವಲ್ಲ.

ಹಾಗಾದರೆ ತೊಂದರೆ ಎಲ್ಲಿ? ಒಂದು, ಸರ್ಕಾರದ ಲೆಕ್ಕದಲ್ಲಿ. ಗರ್ಭಿಣಿಯ ಹೆಸರು ತಾಯಿ ಕಾರ್ಡಿಗೆ ಬಂದ ದಿನದಿಂದ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಮೊಬೈಲಿನಲ್ಲಿ ಮಾಹಿತಿ ತುಂಬುತ್ತಲೇ ಇರುತ್ತಾರೆ. ತೂಕ, ಹಿಮೋಗ್ಲೋಬಿನ್, ಚುಚ್ಚುಮದ್ದು, ಹೆರಿಗೆಯ ದಿನಾಂಕ. "ನಿನಗೆ ನಿದ್ದೆ ಬರುತ್ತದಾ, ಯಾಕೆ ಮಂಕಾಗಿದ್ದೀ?" ಎಂದು ಕೇಳಲು ಪುರುಸೊತ್ತು ಎಲ್ಲಿ? ಕೆಲಸಕ್ಕೆ ತಕ್ಕ ಹಣ ಬರುತ್ತಿಲ್ಲ, ಪೋರ್ಟಲಿನ ಲೆಕ್ಕಕ್ಕೂ ಕೈಗೆ ಸಿಗುವ ಪ್ರೋತ್ಸಾಹಧನಕ್ಕೂ ತಾಳೆಯಾಗುತ್ತಿಲ್ಲ ಎಂದು ಇದೇ ಆಶಾ ಅಕ್ಕಂದಿರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅವರ ಮೇಲೆ ಇನ್ನೊಂದು ಆ್ಯಪ್ ಹೇರಿದರೆ ತಾಯಂದಿರ ಮನಸ್ಸು ಹಗುರಾಗುವುದಿಲ್ಲ. ತಾಯಿಯ ಮನಸ್ಥಿತಿ ತಿಳಿಯಲು ಹತ್ತೇ ಪ್ರಶ್ನೆಗಳ ಒಂದು ಪಟ್ಟಿ ಇದೆ. 1987ರಲ್ಲಿ ಎಡಿನ್‌ಬರೊದಲ್ಲಿ ತಯಾರಾದದ್ದು, ಕನ್ನಡದಲ್ಲೂ ಇದೆ. ತಾಯಿಯೇ ಐದು ನಿಮಿಷದಲ್ಲಿ ತುಂಬಬಹುದು. ಇರುವ ದಾಖಲೆಗೇ ಆ ಹತ್ತು ಪ್ರಶ್ನೆ ಸೇರಿಸಿ, ಕೇಳುವವರಿಗೆ ತರಬೇತಿಯನ್ನೂ ಸಂಬಳವನ್ನೂ ಸರಿಯಾಗಿ ಕೊಡಲಿ ಎಂಬುದು ನಮ್ಮ ಬೇಡಿಕೆ.

ಎರಡನೆಯ ತೊಂದರೆ ನಮ್ಮ ಮನೆಯೊಳಗೇ ಇದೆ. ಅದಕ್ಕೆ ಸರ್ಕಾರವನ್ನು ದೂರಿ ಫಲವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲು ತಮ್ಮ ಬಳಿ ಇದೆ ಎಂದ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ. ಒಮ್ಮೆಯಾದರೂ ಇಂಟರ್ನೆಟ್ ನೋಡಿದವರು ಮೂವರಲ್ಲಿ ಒಬ್ಬಳು. ಉಳಿದವರಿಗೆ ಫೋನು ಎಂದರೆ ಗಂಡನದ್ದು, ಮೈದುನನದ್ದು, ಇಲ್ಲವೇ ಮನೆಗೆಲ್ಲ ಸೇರಿ ಒಂದು. ಸ್ವಂತ ಫೋನು ಇದ್ದವಳಿಗೂ ಬಾಗಿಲು ಹಾಕಿ ಮಾತಾಡುವ ಸ್ವಾತಂತ್ರ್ಯ ಎಷ್ಟು ಮನೆಯಲ್ಲಿದೆ? "ಯಾರ ಹತ್ತಿರ ಅಷ್ಟು ಹೊತ್ತು ಮಾತು?" ಎಂಬ ಒಂದು ಪ್ರಶ್ನೆ ಸಾಕು, 14416 ಅಲ್ಲಿಗೇ ಸತ್ತುಹೋಗುತ್ತದೆ. ಹಜಾರದಲ್ಲಿ ಅತ್ತೆ, ಮಾವ, ನಾದಿನಿ ಎಲ್ಲರೂ ಕೂತಿರುವಾಗ "ನನಗೆ ಸಾಯಬೇಕು ಅನ್ನಿಸುತ್ತಿದೆ" ಎಂದು ಯಾವ ಸೊಸೆ ಫೋನಿನಲ್ಲಿ ಹೇಳಿಯಾಳು?

ಈ ಸಂಪಾದಕೀಯದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸಹಾಯವಾಣಿ, ಆ್ಯಪ್, ವಿಡಿಯೊ ಡಾಕ್ಟರು ಏನೇ ಬರಲಿ, ಹೆತ್ತವಳ ಕೈಗೆ ಫೋನು ಕೊಟ್ಟು, ಮಗುವನ್ನು ನೀವು ಎತ್ತಿಕೊಂಡು, ಅರ್ಧ ಗಂಟೆ ಅವಳನ್ನು ಅವಳ ಪಾಡಿಗೆ ಬಿಡುವ ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ ಅವೆಲ್ಲ ವ್ಯರ್ಥ. ಆ ಒಬ್ಬರು ಅತ್ತೆಯಾದರೆ ಅರ್ಧ ಕಾಯಿಲೆ ಅಲ್ಲೇ ಗುಣ.

ಗಮನಿಸಬೇಕಾದ ಲಕ್ಷಣಗಳೇನೂ ಕಷ್ಟದವಲ್ಲ. ಹೆರಿಗೆಯಾದ ಮೂರು ನಾಲ್ಕನೆಯ ದಿನ ಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇರುತ್ತದೆ, ಎರಡು ವಾರದೊಳಗೆ ತಾನೇ ಸರಿಹೋಗುತ್ತದೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ಇವಳಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಗುವಿನ ಮೇಲೆ ಅಕ್ಕರೆಯೇ ಹುಟ್ಟುತ್ತಿಲ್ಲ, ನಾನು ಕೆಟ್ಟ ತಾಯಿ ಎಂದೆಲ್ಲ ಹೇಳುತ್ತಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ರಕ್ತಹೀನತೆ, ಥೈರಾಯ್ಡ್ ಕೂಡ ಇದೇ ರೀತಿ ಕಾಣಿಸುವುದರಿಂದ ಆ ಪರೀಕ್ಷೆಗಳನ್ನೂ ಮಾಡಿಸಬೇಕು. ಇನ್ನು, ಸಾವಿರದಲ್ಲಿ ಒಬ್ಬಿಬ್ಬರಿಗೆ ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಪೂರ್ತಿ ಹಾರಿ, ಇಲ್ಲದ ದನಿ ಕೇಳಿಸಿ, ಅಸಂಬದ್ಧ ಮಾತು ಬರುತ್ತದೆ. ಅದು ತುರ್ತು ಕಾಯಿಲೆ. ಫೋನಿನಲ್ಲಿ ಮಾತಾಡುತ್ತ ಕೂರುವ ಹೊತ್ತಲ್ಲ, ಆ ದಿನವೇ ಆಸ್ಪತ್ರೆಗೆ ಕರಕೊಂಡು ಹೋಗಬೇಕು, ತಾಯಿ ಮಗುವನ್ನು ಒಬ್ಬರನ್ನೇ ಬಿಡಬಾರದು.

ನಮ್ಮಲ್ಲಿ ಇಂಥವಳನ್ನು ಕಂಡ ಕೂಡಲೇ ಜಿನ್ನ್ ಬಾಧೆ ಎಂದೋ ದೃಷ್ಟಿಯಾಗಿದೆ ಎಂದೋ ಹೇಳುವವರು ಇದ್ದಾರೆ. ದುಆ ಮಾಡಿಸಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮಂತ್ರಿಸಿದ ನೀರಿಗಾಗಿ ಊರೂರು ಅಲೆಯುತ್ತ ಮೂರು ತಿಂಗಳು ಕಳೆದರೆ, ಕಳೆದುಹೋಗುವುದು ಆ ತಾಯಿಯ ಮತ್ತು ಹಾಲು ಕುಡಿಯುವ ಮಗುವಿನ ಮೂರು ತಿಂಗಳು. ಬಿಪಿಗೆ ಮಾತ್ರೆ ನುಂಗಲು ನಾಚದ ನಾವು ಮನಸ್ಸಿನ ಮಾತ್ರೆಗೆ ಯಾಕೆ ನಾಚಬೇಕು? ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ಯಾವುದು ಎಂಬುದನ್ನು ಡಾಕ್ಟರು ಹೇಳಲಿ, ಯೂಟ್ಯೂಬ್ ಹೇಳುವುದು ಬೇಡ. ಫಾರ್ವರ್ಡ್ ಮೆಸೇಜು ನೋಡಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಯಂತ್ರ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಹಿಡಿದ ಕೈ ಹೇಗೋ ಹಾಗೆ. ಇದನ್ನು ಮಂಡ್ಯ ಜಿಲ್ಲೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಆರೋಗ್ಯ ನೋಡಲು ಬಂದ ಸ್ಕ್ಯಾನಿಂಗ್ ಯಂತ್ರವನ್ನು ಆಲೆಮನೆಯಲ್ಲಿಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಇದೇ ಜಿಲ್ಲೆಯಲ್ಲಿ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಕ್ಕಳ ಹಣೆಬರಹ ಬರೆಯುತ್ತಿದ್ದರು. ಗಂಡು ಬೇಕು ಎಂಬ ಒತ್ತಡವೂ ಬಾಣಂತಿಯ ಖಿನ್ನತೆಗೆ ಒಂದು ಕಾರಣವೇ. "ಇದೂ ಹೆಣ್ಣಾ?" ಎಂಬ ಒಂದೇ ಮಾತು ಹೆತ್ತವಳ ಎದೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಆ ಮಾತು ಬಾರದ ಮನೆ ಯಾವ ಸಮುದಾಯದಲ್ಲಿದೆ ಎಂದು ನಾವೂ ಕೇಳಿಕೊಳ್ಳಬೇಕು.

ಗುಟ್ಟು ಹೊರಬಿದ್ದೀತು ಎಂಬ ಭಯ ಎಲ್ಲರಿಗೂ ಇದೆ. ತಂಗಿಯರ ಮದುವೆಗೆ ತೊಂದರೆಯಾದೀತು ಎನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯ ಮಾಹಿತಿ ಗುಟ್ಟಾಗಿಡುವುದು ಚಿಕಿತ್ಸೆ ಕೊಡುವವರ ಹೊಣೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸುಮ್ಮಸುಮ್ಮನೆ ಬೇರೆ ಮಾಡುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. "ಹುಚ್ಚಿ ಎಂದು ಬರೆಸಿ ಮಗು ಕಿತ್ತುಕೊಳ್ಳುತ್ತಾರೆ" ಎಂದು ಹೆದರುವ ತಾಯಂದಿರಿಗೆ ಈ ಮಾತು ಮುಟ್ಟಬೇಕು. ಅದೇ ರೀತಿ, ಯಾವುದೋ ಗೊತ್ತಿಲ್ಲದ ಆ್ಯಪ್‌ಗೆ ಮನೆಯ ಗುಟ್ಟೆಲ್ಲ ತುಂಬುವುದೂ ಸರಿಯಲ್ಲ. ಸರ್ಕಾರಿ ಸೇವೆ, ಗುರುತಿರುವ ಆಸ್ಪತ್ರೆ, ಇಷ್ಟು ಸಾಕು.

ಜಮಾಅತಿನವರು ಮಾಡಬಹುದಾದದ್ದು ಇದೆ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ 14416 ಎಂದು ದೊಡ್ಡದಾಗಿ ಬರೆದು ಹಾಕಲು ಯಾವ ಸಮಿತಿಯ ಅಪ್ಪಣೆಯೂ ಬೇಡ. ಜುಮಾ ದಿನ ಖತೀಬರು ಎರಡು ನಿಮಿಷ ಗಂಡಸರಿಗೆ ಹೇಳಲಿ, ಏಕೆಂದರೆ ಕೇಳಬೇಕಾದವರು ಅವರೇ. ಹೆಂಗಸರ ತರಗತಿಗೆ ತಾಲ್ಲೂಕು ಆಸ್ಪತ್ರೆಯ ದಾದಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಒಮ್ಮೆ ಕರೆಸಲಿ. ಗಲ್ಫಿನಲ್ಲಿರುವ ಗಂಡಂದಿರಿಗೂ ಒಂದು ಮಾತು. ವಿಡಿಯೊ ಕಾಲಿನಲ್ಲಿ ಮಗುವನ್ನು ನೋಡಿದ ಮೇಲೆ ಫೋನನ್ನು ಅವಳ ಕಡೆ ತಿರುಗಿಸಲು ಹೇಳಿ. "ನೀನು ಹೇಗಿದ್ದೀ?" ಎಂದು ಕೇಳಿ. ಅವಳು ಸುಮ್ಮನಾದರೆ ಫೋನು ಇಡಬೇಡಿ, ಸ್ವಲ್ಪ ಹೊತ್ತು ಕಾಯಿರಿ.