ಗಣಕಕ್ಕೇಕೆ ಬಹುವಚನ?

ಕನ್ನಡದಲ್ಲಿ ತಂತ್ರಾಂಶದ ಕೈಪಿಡಿ ಬರೆಯುವವರು ಗಣಕಕ್ಕೆ ಸಲ್ಲದ ಗೌರವವನ್ನು ಕೊಡುತ್ತಾರೆ. ಓದುಗರಿಗೆ ಸಲ್ಲಬೇಕಾದುದನ್ನು ಕೊಡುವುದಿಲ್ಲ. ಇದು ನನ್ನ ಆಕ್ಷೇಪ. ನನ್ನ ತರಗತಿಯಲ್ಲಿ ವಿಧ್ಯರ್ಥ ಕ್ರಿಯಾಪದ ಕಲಿತು ಈಗ ಮಣಿಪಾಲ, ಬೆಂಗಳೂರುಗಳಲ್ಲಿ ಇದೇ ಉದ್ಯೋಗದಲ್ಲಿರುವವರು ಸಿಟ್ಟಾಗದೆ ಓದಬೇಕು.

ಒಂದು ತಂತ್ರಾಂಶದಲ್ಲಿ 'ಉಳಿಸು' ಎಂದಿದ್ದರೆ ಇನ್ನೊಂದರಲ್ಲಿ 'ಉಳಿಸಿ' ಎಂದಿರುತ್ತದೆ. ಗುಂಡಿ ಒತ್ತುವವರು ನಾವು, ಆಜ್ಞೆ ಹೋಗುವುದು ಯಂತ್ರಕ್ಕೆ. ಆದುದರಿಂದ 'ಉಳಿಸು' ಎಂಬುದೇ ಸರಿ. ಕೈಪಿಡಿಯು ಓದುಗರೊಡನೆ ಮಾತನಾಡುವಾಗ 'ಗುಂಡಿಯನ್ನು ಒತ್ತಿರಿ' ಎನ್ನಲಿ. ಏಕವಚನ ಒರಟೆಂಬ ವಾದವನ್ನು ಕೇಳಿದ್ದೇನೆ. ದಾಸರು ಉಡುಪಿಯ ಕೃಷ್ಣನನ್ನೇ 'ನೀನು' ಎಂದು ಕರೆದಿರುವಾಗ ಗಣಕಕ್ಕೇನು ಅವಮಾನ?

ಮರ್ಯಾದೆಗಿಂತ ದೊಡ್ಡ ಪ್ರಶ್ನೆ ಅರ್ಥದ್ದು. 'ಅಳಿಸಿ' ಎಂಬುದು ವಿಧಿರೂಪವೂ ಹೌದು, 'ಅಳಿಸಿ ಬರೆದನು' ಎಂಬಲ್ಲಿನ ಅಪೂರ್ಣಕ್ರಿಯೆಯೂ ಹೌದು. 'ಹಳೆಯ ಪ್ರತಿಯನ್ನು ಅಳಿಸಿ ಹೊಸದನ್ನು ಉಳಿಸಿ' ಎಂದರೆ ಇರುವುದು ಒಂದು ಆಜ್ಞೆಯೋ ಎರಡೋ? 'ಅಳಿಸಿರಿ' ಎಂದು ಬರೆದು ಪೂರ್ಣವಿರಾಮ ಹಾಕಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ('ಅಳಿಸು' ಎಂದರೆ ಅಳುವಂತೆ ಮಾಡು ಎಂದೂ ಅರ್ಥವಿದೆ. ಕಡತ ಕಳೆದುಕೊಂಡವರಿಗೆ ಎರಡೂ ಒಂದೇ!) ಇನ್ನು 'ಕಡತವು ಅಳಿಸಲ್ಪಡುತ್ತದೆ' ಎಂಬ ಕರ್ಮಣಿಪ್ರಯೋಗ. ಯಾರಿಂದ ಎಂಬುದನ್ನು ಮುಚ್ಚಿಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇಂಥ ಬರಹಕ್ಕೆ ಮಾದರಿಯಿಲ್ಲವೆನ್ನಬೇಡಿ. 1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸ್‌ನ ಮೊದಲ ಕೈಪಿಡಿಯು ಪ್ರತಿ ಆಜ್ಞೆಗೂ ಹೆಸರು, ಬಳಸುವ ರೀತಿ, ವಿವರಣೆ ಎಂಬ ಕ್ರಮವನ್ನು ಇಟ್ಟುಕೊಂಡಿತ್ತು. 'ದೋಷಗಳು' ಎಂಬ ಶೀರ್ಷಿಕೆಯೂ ಅದರಲ್ಲಿತ್ತು. ನಮ್ಮ ಕೇಶಿರಾಜನಾದರೋ 13ನೆಯ ಶತಮಾನದಲ್ಲಿಯೇ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದ. ಸೂತ್ರ ಕ್ಲಿಷ್ಟವೆನಿಸಿದರೆ ವೃತ್ತಿಯಿದೆ, ಅದೂ ಸಾಲದಿದ್ದರೆ ಉದಾಹರಣೆಯಿದೆ. ವ್ಯಾಕರಣಕ್ಕೂ ಗಣಕಕ್ಕೂ ಏನು ಸಂಬಂಧವೆನ್ನುವವರಿಗೆ ಒಂದು ಮಾತು: ನಮ್ಮ ಕೆ. ಪಿ. ರಾಯರು ತಮ್ಮ ಕನ್ನಡ ತಂತ್ರಾಂಶಕ್ಕೆ ಹೆಸರಿಟ್ಟದ್ದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರದು.

ಲಿನಕ್ಸ್‌ನ 'ಎಂವಿ' ಆಜ್ಞೆಯನ್ನೇ ನೋಡಿರಿ. ಕಡತದ ಹೆಸರು ಬದಲಿಸುವಾಗ ಹೊಸ ಹೆಸರಿನ ಕಡತವೊಂದು ಮೊದಲೇ ಇದ್ದರೆ, ಸಾಮಾನ್ಯವಾಗಿ ಕೇಳದೆಯೇ ಅದರ ಜಾಗದಲ್ಲಿ ಇದನ್ನು ಕೂರಿಸಿಬಿಡುತ್ತದೆ, ಹಳೆಯದು ಹೋಯಿತು. ಕೇಳಿ ಮುಂದುವರಿಯಬೇಕಾದರೆ 'ಐ' ಎಂಬ ಆಯ್ಕೆಯನ್ನು ಸೇರಿಸಬೇಕು. ಈ ಎಚ್ಚರಿಕೆ ಕನ್ನಡ ಕೈಪಿಡಿಯ ಎಷ್ಟನೆಯ ಸಾಲಿನಲ್ಲಿರಬೇಕು? ಮೊದಲನೆಯದರಲ್ಲಿ ಎಂಬುದು ನನ್ನ ಮತ. ಬೇರೆ ಮತವಿದ್ದವರು ಆ ಪುಟವನ್ನು ತಾವೇ ಕನ್ನಡದಲ್ಲಿ ಬರೆದು ನನಗೆ ಕಳುಹಿಸಿರಿ; ಕೆಂಪು ಶಾಯಿ ಇನ್ನೂ ಮುಗಿದಿಲ್ಲ.