ಮಲಪನಗುಡಿಯ ದಾರಿಯಲ್ಲಿ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಕಟ್ಟಿಸಿದ ಹೊಸ ಪಟ್ಟಣದಿಂದ ರಾಜಧಾನಿಯವರೆಗಿನ ದಾರಿಯನ್ನು ಮನಸೋತು ವರ್ಣಿಸಿದ್ದಾನೆ. ವಿಶಾಲವಾದ ಬೀದಿ, ಇಕ್ಕೆಲದಲ್ಲಿಯೂ ಮನೆಮಳಿಗೆಗಳು, ಹೋಗಿಬರುವವರಿಗೆ ನೆರಳಾಗಲೆಂದು ಅರಸನೇ ನೆಡಿಸಿದ ಮರಗಳು. ಆ ಹೊಸ ಪಟ್ಟಣವೇ ಇಂದಿನ ಹೊಸಪೇಟೆ. ಅನಂತಶಯನಗುಡಿ, ಮಲಪನಗುಡಿಗಳನ್ನು ಹಾದು ಹಂಪೆಗೆ ಸಾಗುವ ರಸ್ತೆ ಅವನು ಕಂಡ ದಾರಿಯನ್ನೇ ನೆನಪಿಗೆ ತರುತ್ತದೆ. ಮಲಪನಗುಡಿಯಲ್ಲಿ ಜನರು ಸೂಳೆಬಾವಿ ಎಂದು ಕರೆಯುವ ಹಳೆಯ ಬಾವಿಯೊಂದಿದೆ. ಅದು ಒಂದನೆಯ ದೇವರಾಯನ ಕಾಲದ್ದು. ನೆರಳು, ನೀರು ಇವೆರಡೂ ಕಾಲ್ನಡಿಗೆಯವನಿಗೆ ಬೇಕಾದವು. ಅಂದಿನ ದಾರಿ ಯಾರನ್ನು ನೆನೆದು ಆಯಿತೆಂಬುದು ಇದರಿಂದಲೇ ಸ್ಪಷ್ಟ.

ಇಂದು ಅದೇ ದಾರಿಯಲ್ಲಿ ಶಾಲೆಯ ಮಕ್ಕಳು, ಹೊಲಕ್ಕೆ ಹೋಗುವವರು, ಬಾಡಿಗೆ ಸೈಕಲ್ಲೇರಿದ ಪರದೇಶದ ಯಾತ್ರಿಕರು, ಪ್ರವಾಸಿಗಳ ಬಸ್ಸು, ಮೋಟಾರು ಎಲ್ಲವೂ ಕಲೆತಿವೆ. ಬಸ್ಸಿನ ಅಪಾಯವನ್ನು ಎಲ್ಲರೂ ಬಲ್ಲರು. ಅದರ ಸದ್ದು ಮೊದಲೇ ಬರುತ್ತದೆ. ಸದ್ದಿಲ್ಲದೆ ಬೆನ್ನ ಹಿಂದೆ ಬರುವ ಸೈಕಲ್ಲಿನ ವಿಷಯ ಬೇರೆ. ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು ಗಂಟೆ ಬಾರಿಸುವ ಸವಾರನಿದ್ದಾನಲ್ಲ, ಅವನು ಎಚ್ಚರಿಕೆ ಕೊಡುವುದಿಲ್ಲ, ಹೆದರಿಸುತ್ತಾನೆ. ಬೆಚ್ಚಿದ ಮುದುಕಿ ಯಾವ ಕಡೆಗೆ ಸರಿದಾಳೆಂದು ಯಾರು ಹೇಳಬಲ್ಲರು? ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆಯೇ ಒಮ್ಮೆ ಬಾರಿಸಿ, ವೇಗ ತಗ್ಗಿಸಿ, ಅವಳು ಸರಿದುದನ್ನು ನೋಡಿ ಮುಂದೆ ಹೋಗಬೇಕು. ಕಿವಿ ಮಂದವಾದವರಿಗೆ ಗಂಟೆಯೇ ಕೇಳದು. ಆದುದರಿಂದ ಗಂಟೆಗಿಂತಲೂ ಬ್ರೇಕು ದೊಡ್ಡ ಮರ್ಯಾದೆ.

ನಡೆಯುವವರೂ ನಿರ್ದೋಷಿಗಳಲ್ಲ. ನಾಲ್ವರು ಕೈಕೈ ಹಿಡಿದು ದಾರಿಯಗಲಕ್ಕೂ ಹರಡಿ ಮಾತಿನಲ್ಲಿ ಮೈಮರೆತರೆ ಸವಾರನು ಎಲ್ಲಿ ಹೋಗಬೇಕು? ಕಾಲುದಾರಿಯಿಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ ನಡೆದರೆ ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುತ್ತದೆ. ಮಗುವನ್ನು ಅಂಚಿನ ಕಡೆಗಿಟ್ಟುಕೊಂಡು ಕೈಹಿಡಿದು ನಡೆಸಬೇಕು. ಸೈಕಲ್ಲಿಗಾದರೋ ಎಡವೇ ಸರಿ. ಸಂಜೆಯಾದ ಮೇಲೆ ಮುಂದೊಂದು ದೀಪ, ಹಿಂದೊಂದು ಕೆಂಪು ಹೊಳಪು ಇಲ್ಲದೆ ಹೊರಡುವುದು ದುಸ್ಸಾಹಸವೇ ಹೊರತು ಉಳಿತಾಯವಲ್ಲ.

ಹಂಪೆಯೊಳಗಿನ ಜಾಡುಗಳದು ಇನ್ನೊಂದು ಬಗೆ. ಕೋದಂಡರಾಮ ದೇವಾಲಯದ ಬಳಿಯಿಂದ ತುಂಗಭದ್ರೆಯ ದಡದಲ್ಲಿ ವಿಠ್ಠಲ ದೇವಾಲಯದ ಕಡೆಗೆ ಹೋಗುವ ಹಾದಿ ಬಂಡೆ, ಮೆಟ್ಟಿಲುಗಳ ನಡುವೆ ನುಸುಳುತ್ತದೆ. ಅಲ್ಲಿ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗುವುದೇ ವಿವೇಕ. ಕಮಲಾಪುರದ ಕಡೆಯಿಂದ ಬರುವ ಮೋಟಾರುಗಳು ಗೆಜ್ಜಲ ಮಂಟಪದ ಬಳಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಸುಮಾರು ಒಂದು ಕಿಲೋಮೀಟರು ನಡಿಗೆ, ಇಲ್ಲವೆ ಬ್ಯಾಟರಿ ವಾಹನ. ಹೊಗೆಯುಗುಳದ ಈ ವಾಹನ ಪುರಾತನ ಕಲ್ಲುಗಳಿಗೆ ಹಿತವಾದದ್ದು, ಸಂದೇಹವಿಲ್ಲ. ಆದರೆ ಅದಕ್ಕೂ ಸೈಕಲ್ಲಿನಂತೆಯೇ ಸದ್ದು ಕಡಿಮೆ. ಪುಷ್ಕರಿಣಿಯ ಚಿತ್ರ ತೆಗೆಯಲು ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿಯುವವರು ಮೊದಲು ಒಮ್ಮೆ ತಿರುಗಿ ನೋಡುವುದೊಳ್ಳೆಯದು.